ಬಸವನಕಲ್ಲು ಬಲಕ್ಕೆ ಬಿಟ್ಟು

ಹಾಲುಬಾವಿ ವನ, ಲಿಂಗದಹಳ್ಳಿ ದಾರಿ
9-9-2024, ಸೋಮವಾರ

ಲೇ ಸುಮೇರಾ,

ಈ ಕಾಲದಲ್ಲಿ ಕಾಗದವೇನೇ ಎಂದು ನಗಬೇಡ. ನಮ್ಮ ಗೇಟಿನ ಹತ್ತಿರ ಫೋನಿಗೆ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕ್ ಹತ್ತಿ ನಿಲ್ಲಬೇಕು. ಹಾಗೆ ನಿಂತು ಹದಿನಾಲ್ಕು ಬೋರ್ಡಿನ ಮಾತು ಓದಿ ಹೇಳಿದರೆ ನೀನು ಹದಿನಾಲ್ಕನ್ನೂ ತಪ್ಪು ಬರೆಯುತ್ತೀಯ. ಅದಕ್ಕೇ ಕಂಡಕ್ಟರ್ ಹಾಲೇಶಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನ ಬಸ್ಸು ಬೆಳಿಗ್ಗೆ ಕಡೂರು ಬಿಟ್ಟು ಇಲ್ಲಿಗೆ ಬರುತ್ತದೆ, ಸಂಜೆ ವಾಪಸ್ ಹೋಗುತ್ತದೆ. ಉತ್ತರವನ್ನೂ ಅವನಿಗೇ ಕೊಡು.

ಅಕ್ಟೋಬರಿನಲ್ಲಿ ನಮ್ಮ ವನದ ಕಾಡುದಾರಿಯನ್ನು ಜನರಿಗೆ ತೆರೆಯುತ್ತಾರೆ. ಐದು ಮೈಲಿ ನಡಿಗೆ. ವನ ಸಮಿತಿಯ ಧರ್ಮೇಶ್ ಸಾರ್ ದಾರಿಯುದ್ದಕ್ಕೂ ಫ್ಲೆಕ್ಸ್ ಕಟ್ಟಿಸೋಣ ಎಂದಿದ್ದರು. "ಫ್ಲೆಕ್ಸು ಒಂದ್ ಮಳೆಗೆ ಹರ್ದು ಹೋಯ್ತದೆ ಸಾರ್. ಕಡೂರಲ್ಲಿ ನನ್ ಗೆಣೆಗಾತಿ ಅವ್ಳೆ, ಪೇಂಟರ್ ಹುಸೇನ್ ಸಾಬ್ರ ಮಗಳು. ತಗಡಿನ್ ಮ್ಯಾಲೆ ಅವ್ಳು ಬರೆದ್ರೆ ಹತ್ತೊರ್ಷ ಅಳ್ಸಲ್ಲ" ಎಂದು ಜಗಳವಾಡಿ ನಿನಗೆ ಕೊಡಿಸಿದ್ದೇನೆ. ನನ್ನ ಮಾನ ಕಳೆಯಬೇಡ ತಾಯಿ.

ಬೋರ್ಡಿನ ಮಾತುಗಳನ್ನೆಲ್ಲ ಈ ಹಾಳೆಯ ಹಿಂಬದಿಯಲ್ಲಿ ನಂಬರ್ ಹಾಕಿ ಬರೆದಿದ್ದೇನೆ. ಒಂಬತ್ತನೆಯದನ್ನು ಹುಷಾರಾಗಿ ಬರಿ. ಅಲ್ಲಿ ದಾರಿ ಎರಡಾಗುತ್ತದೆ, ನಡುವೆ ನಮ್ಮೂರಿನವರು ಕೈಮುಗಿಯುವ ಕಲ್ಲಿದೆ. ಅದರ ಮಾತು ಇಷ್ಟು: "ಬಸವನಕಲ್ಲನ್ನು ಬಲಕ್ಕೆ ಬಿಟ್ಟು ಮುಂದೆ ಹೋಗಿ."

ಇನ್ನೊಂದು ಸುದ್ದಿ, ಯಾರಿಗೂ ಹೇಳಬೇಡ. ಜನವರಿಗೆ ನನ್ನ ಕೆಲಸ ಖಾಯಂ ಆಗುತ್ತದಂತೆ. ಆರು ವರ್ಷದಿಂದ ದಿನಗೂಲಿ ವಾಚರ್ ಆಗಿದ್ದೇನೆ. ಗಂಡನ ಮನೆ ಬಿಟ್ಟು ಬಂದಾಗ ಊರಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೂ ಇರಲಿಲ್ಲ. ಈಗ ವಾಚರ್ ಹೇಮಕ್ಕ ಎನ್ನುತ್ತಾರೆ. ನನ್ನದು ಅಂತ ಇರುವುದು ಇದೊಂದೇ ಕಣೇ.

ನಿನ್ನ
ಹೇಮಾವತಿ

ಕಡೂರು
21-9-2024, ಶನಿವಾರ

ಹೇಮಾ,

ಹದಿನಾಲ್ಕು ಬೋರ್ಡನ್ನೂ ಗೋಣಿಯಲ್ಲಿ ಸುತ್ತಿ ಹಾಲೇಶಣ್ಣನ ಬಸ್ಸಿನ ಮೇಲೆ ಹಾಕಿಸಿದ್ದೇನೆ. ಅಬ್ಬಾನ ಕೈ ಈಗ ಬಹಳ ನಡುಗುತ್ತದೆ, ಬ್ರಷ್ ಹಿಡಿಯುವುದಿಲ್ಲ. ಆದರೆ ಕುರ್ಚಿ ಹಾಕಿಕೊಂಡು ನನ್ನ ಬೆನ್ನ ಹಿಂದೆಯೇ ಕೂತಿರುತ್ತಾರೆ. "ಬೇಟಿ, ಆ ಳಕಾರಕ್ಕೆ ಹೊಟ್ಟೆ ಜಾಸ್ತಿ ಆಯ್ತಲ್ಲ, ಊಟ ಏನ್ ಹಾಕ್ದೆ ಅದಕ್ಕೆ?" ಎಂದು ಕೇಳುತ್ತಾರೆ. ನಲವತ್ತು ವರ್ಷದಲ್ಲಿ ನಮ್ಮ ಅಂಗಡಿಯಿಂದ ತಪ್ಪು ಬೋರ್ಡು ಹೋಗಿಲ್ಲ ಎನ್ನುವುದು ಅವರ ಜಂಬ. ನಾನೂ ಅದನ್ನು ಕೇಳಿಕೊಂಡೇ ಬೆಳೆದವಳು.

ಒಂದು ಮಾತು. ನಿಮ್ಮವರು ಕೊಟ್ಟ ತಗಡು ಸಣ್ಣದು. ಒಂದೆರಡು ಕಡೆ ಸಾಲು ಹಿಡಿಸಲಿಲ್ಲ, ಸ್ವಲ್ಪ ಮೊಟಕು ಮಾಡಿ ಬಾಣದ ಗುರುತು ಹಾಕಿದ್ದೇನೆ. ಮೊಳೆ ಹೊಡೆಸುವ ಮುಂಚೆ ಎಲ್ಲವನ್ನೂ ನೀನೇ ಒಂದು ಸಲ ಓದಿಕೋ. ಮರೆಯಬೇಡ.

ಖಾಯಂ ಆದ ದಿನ ನಮ್ಮ ಮನೆಗೆ ಬಾ. ಬಿರಿಯಾನಿ ನಾನು ಮಾಡುವುದಿಲ್ಲ, ಅಮ್ಮಿ ಕೈಯಿಂದಲೇ ಮಾಡಿಸುತ್ತೇನೆ.

ಸುಮೇರಾ

ಹಾಲುಬಾವಿ ವನ
7-10-2024, ಸೋಮವಾರ

ಸುಮೇರಾ,

ದಾರಿ ತೆರೆದಾಯಿತು. ಮೊದಲ ಭಾನುವಾರವೇ ಅರವತ್ತು ಜನ! ತರೀಕೆರೆ, ಬೀರೂರು, ಶಿವಮೊಗ್ಗ, ಎಲ್ಲ ಕಡೆಯಿಂದ ಬಂದಿದ್ದರು. ಒಬ್ಬಾಕೆ ಹೊಸ ಬೂಟು ಹಾಕಿಕೊಂಡು ಬಂದು ಎರಡನೇ ಮೈಲಿಗೆ ಕಾಲಲ್ಲಿ ಬೊಬ್ಬೆ ಬಂದು ಅತ್ತಳು. ನನ್ನ ಚಪ್ಪಲಿ ಅವಳಿಗೆ ಕೊಟ್ಟು ನಾನು ಬರಿಗಾಲಲ್ಲಿ ನಡೆದೆ. ಮತ್ತಿ ಮರ ಯಾವುದು, ಹೊನ್ನೆ ಯಾವುದು ಎಂದು ತೋರಿಸುತ್ತಾ ಹೋದರೆ ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ ಕಣೇ. ನನ್ನ ಮಾತನ್ನು ಅಷ್ಟು ಜನ ಹಿಂದೆ ಯಾವತ್ತೂ ಕೇಳಿದ್ದಿಲ್ಲ.

ಸದ್ಯಕ್ಕೆ ಗುಂಪು ಮಾಡಿ ನಾನೇ ಕರೆದುಕೊಂಡು ಹೋಗುತ್ತೇನೆ. ಬರುವ ತಿಂಗಳ ನಡುವಿನಿಂದ ಅವರವರೇ ಬೋರ್ಡು ನೋಡಿಕೊಂಡು ಹೋಗಬಹುದಂತೆ.

ಬೋರ್ಡುಗಳನ್ನು ನಾನೇ ನಿಂತು ಹೊಡೆಸಿದೆ. ಎಲ್ಲವನ್ನೂ ಓದಿದೆ, ಸರಿಯಾಗಿವೆ. ಸಮಿತಿಯ ಪುಸ್ತಕದಲ್ಲೂ ಹಾಗೇ ಬರೆದು ಸಹಿ ಹಾಕಿದ್ದೇನೆ. ಅಬ್ಬಾನಿಗೆ ಹೇಳು, ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಧರ್ಮೇಶ್ ಸಾರ್ ಹೊಗಳಿದರು.

ಹೇಮಾ

ಹಾಲುಬಾವಿ ವನ
19-11-2024, ಮಂಗಳವಾರ ಮಧ್ಯಾಹ್ನ

ಸುಮೇರಾ,

ಗಡಿಬಿಡಿಯಲ್ಲಿದ್ದೇನೆ. ಅವರವರೇ ಹೋಗಲು ಬಿಟ್ಟ ಮೊದಲ ದಿನವೇ, ನಿನ್ನೆ ಬೆಳಿಗ್ಗೆ ಏಳೂವರೆಗೆ ಒಬ್ಬರೇ ಕಾಡಿನೊಳಗೆ ಹೋದವರು ಇನ್ನೂ ಹೊರಗೆ ಬಂದಿಲ್ಲ. ಹೆಸರು ಓಂಕಾರಮೂರ್ತಿ. ಅಜ್ಜಂಪುರದವರು, ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ರಿಟೈರ್ ಆದವರು, ಅರವತ್ತಾರು ವರ್ಷ. ಬೂದು ಸ್ವೆಟರ್, ಕೈಯಲ್ಲಿ ಕೊಡೆ. ಗೇಟಿನಲ್ಲಿ ನನ್ನ ಕೈಯಲ್ಲೇ ಹೆಸರು ಬರೆಸಿ, "ಬೋರ್ಡ್ ಐತಲ್ಲಮ್ಮ, ಸಾಕು. ಮೂವತ್ತೈದು ವರ್ಷ ಸಿಗ್ನಲ್ ನೋಡ್ಕಂಡೇ ಬದುಕ್ದೋನು ನಾನು" ಎಂದು ನಕ್ಕು ಹೋದರು.

ಬಸವನಕಲ್ಲಿನ ಹತ್ತಿರ ಅವರ ನೀರಿನ ಬಾಟಲಿ ಸಿಕ್ಕಿದೆ. ಅಲ್ಲಿಂದ ಮುಂದೆ ಎಲ್ಲರೂ ಹೋಗುವುದು ಎಡಗಡೆ ದಾರಿಯಲ್ಲಿ ತಾನೇ, ಕಲ್ಲನ್ನು ಬಲಕ್ಕೆ ಬಿಟ್ಟು. ಆ ದಾರಿಯನ್ನು ನಿನ್ನೆ ಸಂಜೆ ಮತ್ತು ಇವತ್ತು ಬೆಳಿಗ್ಗೆ ಇಡೀ ಜಾಲಾಡಿದೆವು. ಒಂದು ಗುರುತೂ ಇಲ್ಲ. ಆಚೆ ಕಡೆ ರಸ್ತೆಗೆ ಇಳಿದು ಬಸ್ಸು ಹತ್ತಿ ಹೋಗಿರಬೇಕು ಎನ್ನುತ್ತಾರೆ ಧರ್ಮೇಶ್. ಮಗಳು ಭುವನಾ ಗೇಟಿನ ಹತ್ತಿರ ಕೂತಿದ್ದಾಳೆ, ಒಂದು ಲೋಟ ನೀರೂ ಕುಡಿದಿಲ್ಲ.

ನೀನು ದೊಡ್ಡ ಅಕ್ಷರದಲ್ಲಿ ಹತ್ತು ನೋಟೀಸು ಬರೆದು ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ, ಸ್ಟೇಷನ್ನಿನಲ್ಲಿ ಅಂಟಿಸು. ಬೀರೂರಿಗೂ ಕಳಿಸು. ಜೀವ ಬಾಯಿಗೆ ಬಂದಿದೆ ಕಣೇ.

ಹೇಮಾ

ಕಡೂರು
20-11-2024, ಬುಧವಾರ ಬೆಳಿಗ್ಗೆ

ಹೇಮಾ,

ನೋಟೀಸು ಬರೆದಾಯಿತು, ಬಸ್ ಸ್ಟ್ಯಾಂಡಿನಲ್ಲಿ ಅಂಟಿಸಿದ್ದೂ ಆಯಿತು. ನಿನ್ನ ಫೋನ್ ಹತ್ತುತ್ತಿಲ್ಲ. ಹಾಲೇಶಣ್ಣ ಬಸ್ಸು ಹೊರಡಿಸುತ್ತಿದ್ದಾನೆ, ಅವನನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ.

ಬಸವನಕಲ್ಲಿನ ಬಲಗಡೆ ಏನಿದೆ? ಆ ಕಡೆ ಹುಡುಕಿದಿರಾ? ಹುಡುಕಿಲ್ಲವಾದರೆ ಇದನ್ನು ಓದಿದ ತಕ್ಷಣ ಹೋಗಿ. ಯಾಕೆ ಎಂದು ಕೇಳುತ್ತಾ ನಿಲ್ಲಬೇಡ.

ಸುಮೇರಾ

ಹಾಲುಬಾವಿ ವನ
21-11-2024, ಗುರುವಾರ

ಸುಮೇರಾ,

ಸಿಕ್ಕರು. ಬದುಕಿದ್ದಾರೆ. ನಿನ್ನ ಚೀಟಿ ಹನ್ನೊಂದಕ್ಕೆ ಕೈಗೆ ಬಂತು, ಹನ್ನೆರಡೂವರೆಗೆ ಸಿಕ್ಕರು. ಕಲ್ಲಿನ ಬಲಗಡೆ ನೂರು ಹೆಜ್ಜೆ ಹೋದರೆ ಪಾಚಿ ಹಿಡಿದ ಬಂಡೆ, ಅದರ ಕೆಳಗೆ ಕೊರಕಲು. ಅಲ್ಲಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿದೆ. ಎರಡು ದಿನ ಬಂಡೆಯಿಂದ ಜಿನುಗುವ ನೀರು ನೆಕ್ಕಿಕೊಂಡು ಜೀವ ಹಿಡಿದಿದ್ದಾರೆ. ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡೋಲಿಯಲ್ಲಿ ಹೊತ್ತು ತರುವಾಗ ಅವರು ಹೇಳಿದ್ದು ಒಂದೇ ಮಾತು: "ಬೋರ್ಡು ಬಲಕ್ಕೆ ಅಂದಿತ್ತು."

ಹೋಗಿ ನೋಡಿದೆ. ಬೋರ್ಡಿನಲ್ಲಿ ನೀನು ಬರೆದಿರುವುದು "ಬಸವನಕಲ್ಲು: ಬಲಕ್ಕೆ ಹೋಗಿ". ಜೊತೆಗೆ ಬಲಕ್ಕೆ ತಿರುಗಿದ ಕೆಂಪು ಬಾಣ.

ಏನೇ ಇದು? ಆ ಕಲ್ಲನ್ನು ಎಡಕ್ಕೆ ಬಿಟ್ಟುಕೊಂಡು ನಮ್ಮೂರಲ್ಲಿ ಹೆಣ ಹೊತ್ತವರೂ ಹೋಗುವುದಿಲ್ಲ. ದೇವರು ಬಲಗೈ ಕಡೆ ಇರಬೇಕು, ನಾವು ಎಡಗಡೆಯಿಂದ ಸುತ್ತಿ ಹೋಗಬೇಕು. ನಡೆಯಲು ಕಲಿತಾಗಿನಿಂದ ಹೋಗುವುದೇ ಹಾಗೆ. ನಾನು ಬರೆದದ್ದೂ ಹಾಗೇ ಅಲ್ಲವಾ? ಅಥವಾ ನಾನೇ ತಪ್ಪು ಬರೆದೆನಾ? ನನ್ನ ತಲೆ ಕೆಟ್ಟುಹೋಗಿದೆ.

ಧರ್ಮೇಶ್ ಎಲ್ಲರ ಮುಂದೆ "ಬೋರ್ಡಿನ್ ಮಾತು ಕೊಟ್ಟೋಳು ಹೇಮಾವತಿ, ಅವ್ಳನ್ನೇ ಕೇಳಿ" ಎಂದುಬಿಟ್ಟರು. ಮೂವತ್ತನೇ ತಾರೀಖು ತರೀಕೆರೆಯ ಫಾರೆಸ್ಟ್ ಆಫೀಸಿನಲ್ಲಿ ಸಾಹೇಬರ ಮುಂದೆ ವಿಚಾರಣೆ. ತಪ್ಪು ನನ್ನದು ಎಂದಾದರೆ ಖಾಯಂ ಹೋಗಲಿ, ಈಗಿರುವ ಕೆಲಸವೂ ಇಲ್ಲ, ಪೊಲೀಸ್ ಕೇಸೂ ಆಗುತ್ತದೆ. ನನ್ನ ಸೆಪ್ಟೆಂಬರಿನ ಕಾಗದ ನಿನ್ನ ಹತ್ತಿರ ಇದೆಯಲ್ಲ, ನಾಳೆಯೇ ಕಳಿಸು. ನನ್ನನ್ನು ಉಳಿಸುವುದಾದರೆ ಅದೊಂದೇ ಉಳಿಸುವುದು.

ಮತ್ತೆ, ಬಲಗಡೆ ಹುಡುಕು ಎಂದು ನಿನಗೆ ಹೇಗೆ ಹೊಳೆಯಿತು ಸುಮೇರಾ?

ಹೇಮಾ

ಕಡೂರು
24-11-2024, ಭಾನುವಾರ

ಹೇಮಾವತಿಗೆ,

ಆ ಹಿರಿಯರು ಬದುಕಿದ್ದು ಕೇಳಿ ಸಮಾಧಾನವಾಯಿತು. ನಿನ್ನ ಕಾಗದ ಹುಡುಕಿದೆ, ಸಿಗಲಿಲ್ಲ. ದಸರೆ ಟೈಮಿನಲ್ಲಿ ಅಂಗಡಿಗೆ ಸುಣ್ಣ ಹೊಡೆಸುವಾಗ ಹಳೇ ಕಾಗದವನ್ನೆಲ್ಲ ಹೊರಗೆ ಹಾಕಿದ್ದರು. ಅದರಲ್ಲಿ ಹೋಗಿರಬೇಕು.

ನನಗೆ ನೆನಪಿರುವ ಮಟ್ಟಿಗೆ ನೀನು ಬರೆದದ್ದನ್ನೇ ನಾನು ಬೋರ್ಡಿಗೆ ಹಾಕಿದ್ದು. ಮಾತು ಮೊಟಕು ಮಾಡಿದ್ದೇನೆ, ಮೊಳೆ ಹೊಡೆಯುವ ಮುಂಚೆ ಓದಿಕೋ ಎಂದು ಸೆಪ್ಟೆಂಬರ್ ಇಪ್ಪತ್ತೊಂದನೇ ತಾರೀಖಿನ ಕಾಗದದಲ್ಲಿ ಹೇಳಿದ್ದೆ. ಎಲ್ಲ ಸರಿಯಾಗಿವೆ ಎಂದು ನೀನೇ ಬರೆದೆ. ಆ ನನ್ನ ಕಾಗದ ನಿನ್ನ ಹತ್ತಿರ ಇದ್ದರೆ ಕಳಿಸು. ನಾಳೆ ನಮ್ಮ ಅಂಗಡಿಯನ್ನೂ ಕೇಳಬಹುದು. ಅಬ್ಬಾನಿಗೆ ಈ ವಿಷಯ ಹೇಳಿಲ್ಲ. ದಯವಿಟ್ಟು ಇಲ್ಲಿಗೆ ಬರಬೇಡ.

ಸುಮೇರಾ

ಹಾಲುಬಾವಿ ವನ
25-11-2024

ಸುಮೇರಾ ಮೇಡಂ ಅವರಿಗೆ,

ನೀವು ಕೇಳಿದ ನಿಮ್ಮ ಕಾಗದ ಒಲೆ ಹಚ್ಚಲು ಉಪಯೋಗವಾಯಿತು. ಬೂದಿ ಬೇಕಿದ್ದರೆ ಹಾಲೇಶಣ್ಣನ ಕೈಯಲ್ಲಿ ಕಳಿಸುತ್ತೇನೆ.

ಥೂ, ನಿನ್ನ ಮುಖಕ್ಕಿಷ್ಟು! ನಿಮ್ಮ ಅಂಗಡಿಗೆ ಕೆಲಸ ಕೊಡಿಸಿ ಎಂದು ನಾನು ಯಾರ ಕಾಲು ಹಿಡಿದಿದ್ದೆ, ಮರೆತೆಯಾ? ಟ್ಯಾಂಕ್ ಹತ್ತಿ ನಿಂತು ಹನ್ನೊಂದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಕಾಗದ ಸಿಗಲಿಲ್ಲವಂತೆ! ಮಗ್ಗಿ ಪುಸ್ತಕದಿಂದ ಹಿಡಿದು ಎಲ್ಲವನ್ನೂ ಟ್ರಂಕಿನಲ್ಲಿ ಇಟ್ಟುಕೊಂಡಿರುವವಳು ನೀನು. ನನಗೆ ಗೊತ್ತಿಲ್ಲವಾ?

ಇನ್ನು ಐದು ದಿನ ಇದೆ. ನಾನು ಕೇಳುವುದಿಲ್ಲ. ನನ್ನ ಹೆಸರಿಗೆ ಮಣ್ಣು ಬೀಳುವುದನ್ನು ನೋಡಬೇಕೆಂದಿದ್ದರೆ ನೋಡು.

ಹೇಮಾವತಿ

ಕಡೂರು
28-11-2024, ಗುರುವಾರ

ಹೇಮಾ,

ಇದರ ಜೊತೆ ನಿನ್ನ ಕಾಗದ ಇದೆ. ಕಳೆದುಹೋಗಿರಲಿಲ್ಲ. ನೀನು ಹೇಳಿದ ಹಾಗೆ ಟ್ರಂಕಿನಲ್ಲೇ ಇತ್ತು. ನಾನು ಸುಳ್ಳು ಹೇಳಿದೆ. ಫೋನ್ ಎತ್ತಲಿಲ್ಲ, ಯಾಕೆಂದರೆ ನಿನ್ನ ದನಿ ಕೇಳಿದರೆ ನನ್ನ ಬಾಯಲ್ಲಿ ಸುಳ್ಳು ಬರುತ್ತಿರಲಿಲ್ಲ. ಕಾಗದದಲ್ಲಿ ಸಲೀಸಾಗಿ ಬಂತು.

ನೀನು ಸರಿಯಾಗಿಯೇ ಬರೆದಿದ್ದೆ. "ಬಲಕ್ಕೆ ಬಿಟ್ಟು" ಎನ್ನುವುದನ್ನು ನಾನು "ಬಲಕ್ಕೆ ತಿರುಗಿ" ಎಂದು ಓದಿಕೊಂಡೆ. ಸಾಲು ಹಿಡಿಸುತ್ತಿರಲಿಲ್ಲ, "ಬಿಟ್ಟು" ಕತ್ತರಿಸಿದೆ, ಬಾಣ ಹಾಕಿದೆ. ಆ ಕಲ್ಲಿನ ಹತ್ತಿರ ನಾನು ಯಾವತ್ತೂ ಬಂದಿಲ್ಲ, ನೀವು ಅದನ್ನು ಹೇಗೆ ಸುತ್ತುತ್ತೀರಿ ಎಂದೂ ಗೊತ್ತಿರಲಿಲ್ಲ. ನೋಟೀಸು ಬರೆಯಲು ಕೂತಾಗ ನಿನ್ನ ಕಾಗದದಲ್ಲಿ "ಎಡಗಡೆ ದಾರಿಯಲ್ಲಿ, ಕಲ್ಲನ್ನು ಬಲಕ್ಕೆ ಬಿಟ್ಟು" ಎಂದು ಓದಿದೆ. ಹೊಳೆದದ್ದು ಹಾಗೆ.

ನಿನ್ನೆ ಅಬ್ಬಾನಿಗೆ ಹೇಳಿದೆ. ಕನ್ನಡಕ ಹಾಕಿಕೊಂಡು ನಿನ್ನ ಕಾಗದವನ್ನು ಎರಡು ಸಲ ಓದಿದರು. "ಬೇಟಿ, ಇದು ಗುಡಿ ಸುತ್ತೋರ ಮಾತು. ಕಲ್ಲು ಬಲಕ್ಕಿರ್ಬೇಕು, ಮನುಷ್ಯ ಎಡಕ್ಕೆ ಹೋಗ್ಬೇಕು. ನಾನು ಎಷ್ಟು ಗುಡಿಗೆ ಬೋರ್ಡು ಬರ್ದಿಲ್ಲ? ಒಂದ್ ಮಾತು ನನ್ನ ಕೇಳ್ಬಾರ್ದಿತ್ತಾ?" ಎಂದರು. ಆಮೇಲೆ, "ಆ ಬೋರ್ಡು ನಾನೇ ಬರೆದಿದ್ದು ಅಂತ ಹೇಳು. ಮುದುಕನ ಕೈ ನಡುಗ್ತು, ತಪ್ಪಾಯ್ತು ಅಂದ್ರೆ ಜನ ಮಾಫ್ ಮಾಡ್ತಾರೆ. ನೀನು ಇನ್ನೂ ಬಾಳಬೇಕಾದೋಳು" ಎಂದರು. ಆಗುವುದಿಲ್ಲ ಎಂದೆ. ನಾವಿಬ್ಬರೂ ಅತ್ತೆವು.

ಕಾಗದ ತೋರಿಸು ಹೇಮಾ. ನನ್ನನ್ನು ಕರೆದರೆ ಬಂದು ಇದನ್ನೇ ಹೇಳುತ್ತೇನೆ. ನನ್ನ ಕಾಗದ ಸುಟ್ಟುಹಾಕಿದ್ದಕ್ಕೆ ಬೇಜಾರಿಲ್ಲ. ಅದನ್ನು ನಾನು ಕೇಳಬಾರದಿತ್ತು.

ಸುಮೇರಾ

ಲಿಂಗದಹಳ್ಳಿ
3-12-2024, ಮಂಗಳವಾರ

ಸುಮೇರಾ,

ಮೊದಲು ಆದದ್ದನ್ನು ಆದ ಹಾಗೆ ಹೇಳಿಬಿಡುತ್ತೇನೆ. ಶನಿವಾರ ತರೀಕೆರೆಗೆ ಹೋಗಿ ನನ್ನ ಕಾಗದ ಕೊಟ್ಟೆ. ಸಾಹೇಬರು ಓದಿ, "ನೀನು ಸರಿಯಾಗೇ ಬರ್ದಿದ್ದೀಯಲ್ಲಮ್ಮ" ಎಂದರು. ತಪ್ಪು ಪೇಂಟರಿನದು ಎಂದು ಬರೆದುಕೊಂಡರು. ಧರ್ಮೇಶ್ ಮುಖ ಸಣ್ಣದು ಮಾಡಿಕೊಂಡು, ಖಾಯಂ ಆರ್ಡರಿಗೆ ತೊಂದರೆ ಇಲ್ಲ ಬಿಡು ಎಂದರು. ಗೆದ್ದೆ ಅಂದುಕೊಂಡೇ ಹೊರಗೆ ಬಂದೆ. ಸುಳ್ಳು ಯಾಕೆ, ಖುಷಿಯೂ ಆಯಿತು. ನೀನು ಅನುಭವಿಸು ಎಂದೂ ಅನ್ನಿಸಿತು.

ನಿನ್ನೆ ಸೋಮವಾರ ಮತ್ತೆ ತರೀಕೆರೆಗೆ ಹೋದೆ. ನಿನ್ನ ಇಪ್ಪತ್ತೊಂದನೇ ತಾರೀಖಿನ ಕಾಗದ ಕೊಟ್ಟೆ. ಸುಟ್ಟಿರಲಿಲ್ಲ ಕಣೇ, ಸೀರೆ ಮಡಿಕೆಯಲ್ಲಿತ್ತು. ಪೇಂಟರ್ ಓದಿಕೋ ಎಂದು ಬರೆದಿದ್ದಳು, ನಾನು ಓದಲಿಲ್ಲ, ಓದದೆ ಸಹಿ ಹಾಕಿದೆ ಎಂದೆ. ಇನ್ನೂ ಒಂದು ವಿಷಯ ಹೇಳಿದೆ. ಸಾಹೇಬರು ಪೆನ್ನು ಕೆಳಗಿಟ್ಟು, "ನಿನ್ನ ಯಾರೂ ಕೇಳ್ಲಿಲ್ವಲ್ಲಮ್ಮ, ಯಾಕ್ ಬಂದೆ?" ಎಂದರು. ಗೇಟಿನ ಬೀಗದಕೈ ಅಲ್ಲೇ ಇಸಕೊಂಡರು. ಇವತ್ತಿನಿಂದ ನಾನು ವಾಚರ್ ಅಲ್ಲ. ನಿನ್ನನ್ನೂ ಕರೆಸುತ್ತಾರೆ, ಹೆದರಬೇಡ, ನಿನ್ನ ಜೊತೆ ನಾನೂ ಬರುತ್ತೇನೆ.

ಆ ಇನ್ನೊಂದು ವಿಷಯ ನಿನಗೂ ಹೇಳಬೇಕು. ಕಾಡು ನನ್ನದು ಅನ್ನುವ ಸೊಕ್ಕು ನನಗೆ. ನಲವತ್ತು ದಿನ ಆ ಬೋರ್ಡಿನ ಪಕ್ಕದಲ್ಲೇ ಜನರನ್ನು ಕರೆದುಕೊಂಡು ಹೋಗಿದ್ದೇನೆ. ನಾನು ಎಡಕ್ಕೆ ತಿರುಗಿದೆ, ಎಲ್ಲರೂ ನನ್ನ ಹಿಂದೆ ತಿರುಗಿದರು. ಬೋರ್ಡನ್ನು ಅವರೂ ಓದಲಿಲ್ಲ, ನಾನೂ ಓದಲಿಲ್ಲ. ಓಂಕಾರಮೂರ್ತಿಯವರು ಕಾಣೆಯಾದ ಸೋಮವಾರ ಸಂಜೆ ಹುಡುಕುವವರು ಕಲ್ಲಿನ ಹತ್ತಿರ ನಿಂತು ಯಾವ ಕಡೆ ಎಂದು ನನ್ನನ್ನು ಕೇಳಿದರು. ನಾನು ಬೋರ್ಡಿನ ಮೇಲೆ ಕೈಯಿಟ್ಟು ನಿಂತು, "ನೋಡಿ, ಬೋರ್ಡೇ ಹೇಳ್ತಾ ಐತಲ್ಲ, ಎಡಕ್ಕೆ" ಎಂದೆ. ಅಕ್ಷರದ ಮೇಲೇ ಕೈ ಇತ್ತು.

ಆಗ ಬಲಗಡೆ ಕೆಳಗಿನಿಂದ ಕೂ ಎಂದು ಯಾರೋ ಕೂಗಿದ ಹಾಗಾಯಿತು. ಜೊತೆಗಿದ್ದವರೊಬ್ಬರು ನಿಂತು ಕಿವಿಗೊಟ್ಟರು. "ದನದೋರು ಕಣ್ರೀ, ಸಂಜೆ ಹೊತ್ತು ದನ ಕೂಗ್ತಾರೆ. ಬನ್ನಿ ಬನ್ನಿ" ಎಂದು ನಾನೇ ಅವರನ್ನು ಹೊರಡಿಸಿದೆ. ಅವತ್ತೇ ಬಲಕ್ಕೆ ಇಳಿದಿದ್ದರೆ ಓಂಕಾರಮೂರ್ತಿಯವರು ಎರಡು ದಿನ ಅಲ್ಲಿ ಬಿದ್ದಿರುತ್ತಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಿನ್ನ ಮೇಲೆ ಅಷ್ಟು ಕೂಗಾಡಿದ್ದೂ ಇದು ಹೊಟ್ಟೆಯಲ್ಲಿ ಇದ್ದುದಕ್ಕೇ.

ಸೋಮವಾರಕ್ಕೆ ಮುಂಚೆ, ಭಾನುವಾರ ಶಿವಮೊಗ್ಗದ ಆಸ್ಪತ್ರೆಗೆ ಅವರನ್ನು ನೋಡಲು ಹೋಗಿದ್ದೆ. ಹಣ್ಣು ಕೊಟ್ಟು, ಕೈ ಮುಗಿದು, ವಿಚಾರಣೆಯಲ್ಲಿ ನನಗೇನೂ ತೊಂದರೆ ಆಗಲಿಲ್ಲ ಎಂದು ತಿಳಿಸಿ ಬಂದುಬಿಡೋಣ ಅಂದುಕೊಂಡಿದ್ದೆ. ಭುವನಾ ನನ್ನನ್ನು ಮಂಚದ ಹತ್ತಿರ ಕೂರಿಸಿ, "ಅಪ್ಪಾ, ನಿಮ್ಮನ್ನ ಹುಡುಕಿದ ವಾಚರ್ ಹೇಮಕ್ಕ ಬಂದವ್ರೆ" ಎಂದಳು. ಮೂಳೆ ಕೂಡಲೆಂದು ಅವರ ಕಾಲಿಗೆ ತೂಕ ಕಟ್ಟಿದ್ದರು. ಅವರು ನನ್ನ ಕೈ ಹಿಡಿದುಕೊಂಡರು. ಬೋರ್ಡಿನ ಮಾತೇ ಎತ್ತಲಿಲ್ಲ ಸುಮೇರಾ. "ಸೋಮವಾರ ಸಂಜೆ ಮೇಲ್ಗಡೆ ಜನ ಮಾತಾಡಿದ್ದು ನಂಗೆ ಕೇಳಿಸ್ತು. ಜೀವ ಬಿಟ್ಟು ಕೂಗಿದೆ. ನಿಮಗೆ ಕೇಳಿಸ್ಲೇ ಇಲ್ವಾ ತಾಯಿ?" ಎಂದರು.

ಇಲ್ಲ ಎಂದಿದ್ದರೆ ಮುಗಿದು ಹೋಗುತ್ತಿತ್ತು. ಬಾಯಿಗೂ ಬಂದಿತ್ತು. ಕೇಳಿಸಿತು ಎಂದೆ. ದನದವರು ಅಂದುಕೊಂಡು ಜನರನ್ನು ಬೇರೆ ಕಡೆಗೆ ನಾನೇ ಕರೆದುಕೊಂಡು ಹೋದೆ ಎಂದೂ ಹೇಳಿದೆ. ಭುವನಾ ಎದ್ದು ಹೊರಗೆ ಹೋದಳು. ಅವರು ನನ್ನ ಕೈ ಬಿಡಲಿಲ್ಲ.

ಆಮೇಲೆ, "ಹಂಗಾದ್ರೆ ನಾನು ಕೂಗಿದ್ದು ನಿಜ ಅನ್ನು. ಬಾಯಿಂದ ದನಿನೇ ಬರ್ಲಿಲ್ಲವೇನೋ ಅಂತ ಇಷ್ಟು ದಿನ ಅಂದ್ಕಂಡಿದ್ದೆ" ಎಂದರು.

ಹೇಮಾವತಿ